ಭಾಯಣ್ಣನೂ ಐನೂರು ಪರದೆಯೂ

ಮೊದಲೇ ಒಂದು ಮಾತು. ಈ ವಾರ ನನಗಾಗಿರೋ ಸಂತೋಷಕ್ಕೆ ಎರಡು ಸಲ ಹಾಲು ಉಕ್ಕಿ ಒಲೆ ಪಾಲಾಯ್ತು, ಒಂದು ಸಲ ಬಸ್ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ನಮ್ಮ ಯಜಮಾನರು ಅದರಲ್ಲೇ ಮುದ್ದೆ ಅದ್ದಿ ನುಂಗಿ, "ಇವತ್ತೇನು, ಹಬ್ಬಾನಾ?" ಅಂದರು. ಹಬ್ಬವೇ. ಯಾಕೆ ಅನ್ನೋದನ್ನ ಮಾತ್ರ ಈಗಲೇ ಹೇಳೋ ಹಾಗಿಲ್ಲ. "ಅಜ್ಜಿ, ಮೊದಲನೇ ಸಾಲಲ್ಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನ ಯಾರು ಓದ್ತಾರೆ? ಕೊನೇವರೆಗೂ ಬಾಯಿ ಬಿಗಿ ಹಿಡ್ಕೋ" ಅಂತ ನಮ್ಮ ಮೊಮ್ಮಗಳು ಹರ್ಷಿತ ಅಪ್ಪಣೆ ಮಾಡಿದ್ದಾಳೆ. ಅವಳು ಕಾಲೇಜು ಓದೋಳು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಹುಳಕ್ಕೆ ಸೊಪ್ಪು ಕೊಯ್ಯೋಕೆ ಹೋದೋಳು. ಅವಳ ಮಾತು ಕೇಳಬೇಕು.

ಬರೀಬೇಕಾಗಿರೋದು ಭಾಯಣ್ಣನ ವಿಚಾರ. ಶಿಡ್ಲಘಟ್ಟದ ಸೇವಾ ಕ್ಲಬ್ಬಿನವರು ಅವರ ನೆನಪಿಗೆ ಒಂದು ಪುಸ್ತಕ ಮಾಡ್ತಾರಂತೆ. ಅವರ ಶ್ರದ್ಧಾಂಜಲಿ ಸಭೆಯಲ್ಲಿ ನನ್ನ ಕೈಗೆ ಮೈಕು ಕೊಟ್ಟು "ಎರಡು ಮಾತಾಡಿ ಅಮ್ಮ" ಅಂದಿದ್ದರು. ನಾನು ಮೈಕು ಹಿಡಿದು ಮೊದಲು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಸೆರಗಿನಲ್ಲಿ ಮುಖ ಒರೆಸ್ಕೊಳ್ಳೋ ಬದಲು ಮೈಕು ಒರೆಸಿ ವಾಪಸ್ ಕೊಟ್ಟೆ. "ಹೋಗಲಿ, ಬರೆದೇ ಕೊಡಿ" ಅಂದರು.

ಭಾಯಣ್ಣನ ನಿಜವಾದ ಹೆಸರು ಬರೆಯಲ್ಲ. ಅದು ಅವರಿಗೇ ಆಗ್ತಿರಲಿಲ್ಲ. ಒಂದು ಸಲ ಕ್ಲಬ್ಬಿನವರು ರಸ್ತೆ ಬದಿಯಲ್ಲಿ ಕುಡಿಯೋ ನೀರಿನ ಟ್ಯಾಂಕ್ ಇಡಿಸಿ, ದಾನಿಗಳು ಅಂತ ಅವರ ಹೆಸರು ಬರೆಸೋಕೆ ಪೇಂಟರನ್ನ ಕರೆಸಿದ್ದರು. ಭಾಯಣ್ಣ ಆ ಪೇಂಟರಿಗೆ ಟೀ ಕುಡಿಸಿ, "ನನ್ನ ಹೆಸರು ಬಿಡಪ್ಪ. ಅಷ್ಟು ಜಾಗದಲ್ಲಿ 'ನಲ್ಲಿ ನಿಲ್ಲಿಸಿ ಹೋಗಿ' ಅಂತ ಬರಿ, ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ" ಅಂದರಂತೆ. ಈಗಲೂ ಹಾಗೇ ಬರೆದಿದೆ. ನಲ್ಲಿ ಈಗಲೂ ಸೋರುತ್ತೆ, ಅದು ಬೇರೆ ಮಾತು.

ಭಾಯಣ್ಣನದು ಫಿಲೇಚರ್. ಅಂದರೆ ನಾವು ಹುಳ ಸಾಕಿ ಬೆಳೆದ ರೇಷ್ಮೆಗೂಡನ್ನ ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯೋ ಕಾರ್ಖಾನೆ. ಐವತ್ತು ವರ್ಷ ಆ ನೀರಿನಲ್ಲಿ ಕೈಯಾಡಿಸಿ ಅವರ ಬೆರಳ ತುದಿಗಳೆಲ್ಲ ನೆನೆಸಿದ ಕಡಲೆಬೇಳೆ ಥರ ಆಗಿದ್ದವು. ಎಷ್ಟು ಸೋಪು ಹಾಕಿದರೂ ಬೆಂದ ಹುಳದ ವಾಸನೆ ಹೋಗ್ತಿರಲಿಲ್ಲ. "ಇದೇ ನನ್ನ ಅತ್ತರು. ಇದು ಹೋದ ದಿನ ನಾನು ಬಡವ" ಅನ್ನೋರು. ಸಿಟ್ಟು ಬಂದರೆ ತೆಲುಗು, ಲೆಕ್ಕ ಹಾಕೋವಾಗ ಉರ್ದು, ಮಾತು ಕೊಡೋವಾಗ ಮಾತ್ರ ಕನ್ನಡ. ನನಗಿಂತ ಹತ್ತು ವರ್ಷಕ್ಕೆ ದೊಡ್ಡೋರು. ಗೂಡಿನ ಮಾರ್ಕೆಟ್ಟಿನಲ್ಲಿ ನನ್ನನ್ನ ನೋಡಿದ ಮೊದಲ ದಿನದಿಂದಲೂ "ಚೆಲ್ಲೆಮ್ಮಾ" ಅಂತಲೇ ಕರೆದರು. ತೆಲುಗಿನಲ್ಲಿ ತಂಗಿಯನ್ನ ಹಾಗನ್ನೋದು. ತಂಗಿ ಅಂತ ಕರೆದು ರೇಟು ಇಳಿಸೋರು, ಅದೂ ಬೇರೆ ಮಾತು.

ಆದರೆ ಭಾಯಣ್ಣ ಅಂದರೆ ನನಗೆ ಮೊದಲು ನೆನಪಾಗೋದು ಅವರ ಕಿವಿ. ಗೂಡು ಕೊಳ್ಳೋರು ಒಂದು ಗೂಡನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗಿನ ಹುಳ ಲೊಟಲೊಟ ಅಂದರೆ ಒಳ್ಳೆ ಗೂಡು. ಸದ್ದೇ ಇಲ್ಲದಿದ್ದರೆ ಒಳಗೇ ಸತ್ತು ಅಂಟ್ಕೊಂಡಿದೆ ಅಂತ. ಎಲ್ಲರೂ ಗೂಡು ಅಲ್ಲಾಡಿಸಿದರೆ ಭಾಯಣ್ಣ ಲೋಕಾನೇ ಅಲ್ಲಾಡಿಸೋರು. ತೆಂಗಿನಕಾಯಿ ಸರಿ. ಥರ್ಮಾಸು, ಮಾತ್ರೆ ಡಬ್ಬಿ, ಹೊಸ ಫೋನು, ಭಾಷಣಕ್ಕೆ ಅಂತ ಕೊಟ್ಟ ಮೈಕು, ಎಲ್ಲವೂ ಒಂದು ಸಲ ಅವರ ಕಿವಿ ಹತ್ತಿರ ಹೋಗಿಬರಬೇಕು. ಹರ್ಷಿತ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ತೋರಿಸೋಕೆ ಹೋದರೆ ಅದನ್ನೂ ಪಟಪಟ ಅಲ್ಲಾಡಿಸಿ, "ಎಲ್ಲಾ ಚೆನ್ನಾಗೈತೆ ಕಣಮ್ಮ, ಲೆಕ್ಕದಲ್ಲಿ ಸ್ವಲ್ಪ ಸದ್ದು ಕಮ್ಮಿ" ಅಂದರು. ನಿಜವಾಗ್ಲೂ ಲೆಕ್ಕದಲ್ಲಿ ಕಮ್ಮಿ ಬಂದಿತ್ತು. ಅವಳು ಮೂರು ದಿನ ಆ ಕಾರ್ಡನ್ನ ಟವಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಳು.

ಕ್ಲಬ್ಬಿನ ಕಾಣಿಕೆ ಡಬ್ಬಿಗೆ ಮಾತ್ರ ಅವರ ಶಾಸ್ತ್ರ ತಲೆಕೆಳಗು. "ಗೂಡು ಸದ್ದು ಮಾಡಬೇಕು, ಡಬ್ಬಿ ಸದ್ದು ಮಾಡಬಾರದು. ಗಲಗಲ ಅಂದ್ರೆ ಒಳಗೆ ಇನ್ನೂ ಜಾಗ ಐತೆ ಅಂತ" ಅನ್ನೋರು. ಯಾರಾದರೂ ಚಿಲ್ಲರೆ ಹಾಕಿ ಜಾರಿಕೊಳ್ಳೋಕೆ ನೋಡಿದರೆ, ಅವರ ಕಿವಿ ಪಕ್ಕದಲ್ಲೇ ಡಬ್ಬಿ ಕುಲುಕಿ, "ಕೇಳಿಸ್ತಾ ಸ್ವಾಮಿ?" ಅನ್ನೋರು. ಪಾಪ, ಕೇಳಿಸಿದೋರು ಇನ್ನೊಂದು ನೋಟು ಹಾಕೋರು.

ಈಗ ಪರದೆ ವಿಚಾರಕ್ಕೆ ಬರ್ತೀನಿ. ಆಫ್ರಿಕದ ಕಡೆ ಒಂದು ದೇಶ, ಅದರ ಹೆಸರು ಇನ್ನೂ ನನ್ನ ನಾಲಿಗೆ ಮೇಲೆ ಕೂತಿಲ್ಲ. ಅಲ್ಲಿ ಮಲೇರಿಯಾ ಜ್ವರಕ್ಕೆ ಪುಟ್ಟ ಪುಟ್ಟ ಕೂಸುಗಳು ಹೋಗಿಬಿಡ್ತಾವಂತೆ. ಔಷಧಿ ಹಾಕಿದ ಸೊಳ್ಳೆಪರದೆ ಕಟ್ಟಿ ಮಲಗಿಸಿದರೆ ಎಷ್ಟೋ ಉಳೀತಾವಂತೆ. ಅಲ್ಲಿಯ ಕ್ಲಬ್ಬಿನವರು ನಮ್ಮ ಕಡೆ ಕ್ಲಬ್ಬುಗಳಿಗೆ ಕಾಗದ ಬರೆದು, ಬರೀ ಚಾಪೆ ಮೇಲೆ ಮಲಗಿದ್ದ ಒಂದು ಮಗುವಿನ ಫೋಟೋ ಕಳಿಸಿದ್ದರು. ಹೋದ ಯುಗಾದಿ ಆದಮೇಲೆ ಗೌರಿಬಿದನೂರಿನಲ್ಲಿ ಸಭೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಾ ಕಡೆಯೋರೂ ಬರಬೇಕು, ಹಣ ಕೂಡಿಸಿ ಎಷ್ಟು ಪರದೆ ಕೊಡಿಸ್ತೀವಿ ಅಂತ ಹೇಳಬೇಕು. ನಮ್ಮ ಕ್ಲಬ್ಬಿನ ದೊಡ್ಡೋರೆಲ್ಲ ಯಾವುದೋ ಗೃಹಪ್ರವೇಶಕ್ಕೆ ಹೊರಟಿದ್ದರು. ಹಾಗಾಗಿ ಕಾಲೇಜು ಮಕ್ಕಳ ಕಡೆಯಿಂದ ಹರ್ಷಿತ, ದೊಡ್ಡೋರ ಕಡೆಯಿಂದ ಭಾಯಣ್ಣ, ಹೆಣ್ಣುಮಗುವಿನ ಕಾವಲಿಗೆ ಅಂತ ನಾನು. ನಿಜ ಹೇಳಬೇಕು ಅಂದರೆ, ಹಾಗೇ ವಿದುರಾಶ್ವತ್ಥಕ್ಕೂ ಹೋಗಿ ನಾಗರಕಲ್ಲಿಗೆ ಹಾಲೆರೆದು ಬರೋ ಆಸೆ ನನಗೆ.

ಒಂದೊಂದು ಊರಿನೋರೂ ಎದ್ದು "ನಮ್ಮದು ಐವತ್ತು ಪರದೆ", "ನಮ್ಮದು ಅರವತ್ತು" ಅಂದರು. ನಮ್ಮ ಸರದಿ ಬಂದಾಗ ಸಫಾರಿ ಹಾಕಿದ್ದ ಒಬ್ಬ ಯಜಮಾನರು, "ಶಿಡ್ಲಘಟ್ಟದೋರಾ? ಅವರು ಹುಳಕ್ಕೆ ಮಾತ್ರ ಪರದೆ ಕಟ್ಟೋದು, ಬಿಡ್ರಪ್ಪ" ಅಂದರು. ಸಭೆ ಗೊಳ್ಳೆಂದಿತು. ನಾನೂ ನಕ್ಕುಬಿಟ್ಟೆ. ಸುಳ್ಳೇನಲ್ಲವಲ್ಲ! ಊಜಿ ನೊಣ ಒಂದು ಒಳಗೆ ಬಂದರೆ ಹುಳದ ಮೇಲೆ ಮೊಟ್ಟೆ ಇಟ್ಟು ಬೆಳೆ ಹಾಳು ಮಾಡುತ್ತೆ ಅಂತ ಹುಳುಮನೆಯ ಕಿಟಕಿ, ಬಾಗಿಲು, ತೂತು, ಸಂದಿ ಎಲ್ಲಕ್ಕೂ ನೈಲಾನ್ ಪರದೆ ಕಟ್ಟಿರ್ತೀವಿ. ನಾವು ಮಲಗೋ ಮಂಚಕ್ಕೆ ಕಟ್ಟಿರಲ್ಲ.

ಹರ್ಷಿತ ಮಾತ್ರ ನಗಲಿಲ್ಲ. ಮೆಣಸಿನಕಾಯಿ ಥರ ಕೆಂಪಗಾಗಿ ಎದ್ದು ನಿಂತು, "ಶಿಡ್ಲಘಟ್ಟ ಐನೂರು!" ಅಂದಳು.

ನಾನು ಅವಳ ಚೂಡಿದಾರ ಎಳೆದು, "ಕೂತ್ಕೊಳ್ಳೇ! ಐವತ್ತು ಅನ್ನೇ!" ಅಂತ ಪಿಸುಗುಟ್ಟಿದೆ. ಭಾಯಣ್ಣ ಮೇಜಿನ ಮೇಲಿದ್ದ ನೀರಿನ ಬಾಟಲನ್ನ ಕಿವಿ ಹತ್ತಿರ ಅಲ್ಲಾಡಿಸಿದರು. ಆಮೇಲೆ ಎದ್ದು, "ಹುಡುಗಿ ಹೇಳಾಯ್ತು. ಅಲ್ಲಿ ಮಳೆ ಶುರುವಾಗೋದರೊಳಗೆ ಐನೂರು. ಬರ್ಕೊಳ್ಳಿ ಸ್ವಾಮಿ" ಅಂದರು. ಕನ್ನಡದಲ್ಲಿ ಅಂದರು. ಅಲ್ಲಿಗೆ ಮುಗೀತು.

ಅಲ್ಲಿಯ ಮಳೆಗಾಲ ನಮ್ಮ ದೀಪಾವಳಿ ಕಳೆದು ತಿಂಗಳಾದಮೇಲೆ. ಬಸ್ಸಿನಲ್ಲಿ ವಾಪಸ್ ಬರೋವಾಗ ಹರ್ಷಿತ ಕಣ್ಣು ಒರೆಸ್ಕೊಳ್ತಾ, "ತಾತ, ಸಿಟ್ಟಲ್ಲಿ ಅಂದ್ಬಿಟ್ಟೆ. ಆಗದೇ ಇದ್ರೆ? ನನ್ನ ಮಾತು ಹೋಗುತ್ತೆ" ಅಂದಳು.

"ನಿನ್ನೊಬ್ಬಳದ್ದೇ ಎಲ್ಲಿ ಹೋಗುತ್ತಮ್ಮ, ನನ್ನದೂ ಹೋಗುತ್ತೆ. ಇಬ್ಬರದೂ ಹೋದ್ರೆ ಜೊತೇಲಿ ಹುಡುಕೋಣ ಬಿಡು" ಅಂದರು ಭಾಯಣ್ಣ. ಆದರೆ ಅವತ್ತು ದಾರಿ ಉದ್ದಕ್ಕೂ ಆ ಮಗುವಿನ ಫೋಟೋ ಅವರ ಕೈಯಲ್ಲೇ ಇತ್ತು. ಅದನ್ನ ಮಾತ್ರ ಅಲ್ಲಾಡಿಸಲಿಲ್ಲ. ನನ್ನ ವಿದುರಾಶ್ವತ್ಥ ತಪ್ಪೇಹೋಯ್ತು.

ಕಾಲೇಜಿನಲ್ಲಿ ಹರ್ಷಿತನ ಹೆಸರೇ ಹೋಗಿಬಿಡ್ತು. "ಏ ಐನೂರು, ಬಸ್ ಬಂತು ಬಾರೇ!" "ಐನೂರು, ನೋಟ್ಸ್ ಕೊಡೇ!" ಮನೆಗೆ ಬಂದು ಬ್ಯಾಗು ಎಸೆಯೋಳು.

ಭಾಯಣ್ಣ ಸುಮ್ಮನಿರಲಿಲ್ಲ. ಸಂಜೆ ಹೊತ್ತು ತಮ್ಮ ಹಳೇ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿಗೆ ಹೊರಟರು. ಅರಳೀಕಟ್ಟೆ ಮೇಲೆ ರೈತರನ್ನ ಕೂರಿಸ್ಕೊಂಡು, ಫೋಟೋ ತೋರಿಸಿ, ಆ ಸಫಾರಿ ಯಜಮಾನರ ಮಾತನ್ನೇ ತಿರುಗಿಸಿ ಹೇಳೋರು. "ನಿಮ್ಮ ಹುಳಕ್ಕೆ ಊಜಿ ಬರದಂಗೆ ಪರದೆ ಐತೆ. ಈ ಕೂಸಿಗೆ ಸೊಳ್ಳೆ ಬರದಂಗೆ ಪರದೆ ಇಲ್ಲ. ನಿಮ್ಮ ಹುಳ ನಾಲ್ಕು ಜ್ವರ ಏಳೋ ತನಕ ನಿಮಗೆ ನಿದ್ದೆ ಬರಲ್ಲ. ಈ ತಾಯಿಗೆ ಒಂದೇ ಜ್ವರದಲ್ಲಿ ಎಲ್ಲಾ ಹೋಗುತ್ತೆ." ಹುಳ ಪೊರೆ ಬಿಡೋಕೆ ಮೇವು ಬಿಟ್ಟು ಕೂರೋದನ್ನ ನಾವು ಜ್ವರ ಅಂತೀವಿ. ಹಾಗಾಗಿ ಎಲ್ಲರಿಗೂ ನಾಟಿತು. ಎಷ್ಟು ನಾಟಿತು ಅಂದರೆ, ಮಾರನೇ ದಿನದಿಂದಲೇ ಜನ ಕೊಡೋಕೆ ಶುರು ಮಾಡಿದರು.

ಏನು ಕೊಟ್ಟರು? ದುಡ್ಡಲ್ಲ. ಹುಳುಮನೆಯ ಹಳೇ ಪರದೆಗಳನ್ನ!

ಎತ್ತಿನಗಾಡಿಯಲ್ಲಿ, ಟಿವಿಎಸ್ ಹಿಂದುಗಡೆ, ತಲೆ ಮೇಲೆ, ಹಾಲಿನ ಆಟೋದಲ್ಲಿ. ಬಿಳೀದು, ಹಸಿರು, ನೀಲಿ, ಬಣ್ಣ ಹೋಗಿ ಯಾವ ಬಣ್ಣವೂ ಅಲ್ಲದ್ದು. ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಸಿಕ್ಕಿಕೊಂಡಿದ್ದು, ಇಲಿ ಕಚ್ಚಿದ್ದು. ಒಬ್ಬ ಮುದುಕಿ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ತಂದು, "ಇದು ಕೈಗೂಡಿದ ಪರದೆ ಸಾಬಣ್ಣ, ಇದರಡಿ ಮೂರು ಬೆಳೆ ನೂರಕ್ಕೆ ನೂರು ಬಂದವೆ. ಆ ಮಗೂಗೆ ಇದನ್ನೇ ಕಟ್ಟಬೇಕು" ಅಂತ ಆಣೆ ಹಾಕಿಸ್ಕೊಂಡು ಹೋದಳು. ಭಾಯಣ್ಣನಿಗೆ ಬೇಡ ಅನ್ನೋಕೆ ಬಾಯೇ ಬರಲಿಲ್ಲ. ಫಿಲೇಚರಿನ ಅಂಗಳದಲ್ಲಿ ಪರದೆಗಳ ಬೆಟ್ಟ ಎದ್ದಿತು. ಅವರ ಹೆಂಡತಿ ಬೂಬಮ್ಮ ಮೂಗಿಗೆ ಸೆರಗು ಹಿಡಿದು, "ಕ್ಯಾ ಜೀ, ಪಾಗಲ್ ಹೋಗಯೇ ಕ್ಯಾ?" ಅಂದರು. "ಇವರ ಹುಚ್ಚಿಗೆ ನೀನೂ ಸೇರಿದ್ಯಲ್ಲಮ್ಮ" ಅಂತ ನನ್ನ ಕಡೆಗೂ ಒಂದು ಬಂತು.

ಕಳಿಸಬೇಕಾಗಿರೋದು ಔಷಧಿ ಹಾಕಿದ ಹೊಸ ಪರದೆ, ಇದು ಆಗಲ್ಲ ಅಂದರೆ ನಮ್ಮೂರಿನೋರು ಹಟ ಹಿಡಿದರು: ಕೊಟ್ಟ ಪರದೆ ಯಾಕೆ ಕಳಿಸಲ್ಲ, ಏನು ಕಮ್ಮಿಯಾಗಿದೆ? ಸರಿ, ಎಲ್ಲರೆದುರೇ ಪರೀಕ್ಷೆ ಮಾಡಿಬಿಡೋಣ ಅಂದರು ಭಾಯಣ್ಣ. ಸೂರ್ಯ ಮುಳುಗೋ ಹೊತ್ತಿಗೆ ಕಟ್ಟೆ ಮೇಲೆ, ಚರಂಡಿ ಪಕ್ಕದಲ್ಲೇ, ಇದ್ದುದರಲ್ಲಿ ಚೆನ್ನಾಗಿದ್ದ ಪರದೆ ಕಟ್ಟಿಸಿ, ಒಳಗೆ ತೋಳು ಮಡಚಿಕೊಂಡು ಕೂತರು. ಇಡೀ ಊರು ಸುತ್ತ ನಿಂತಿತು.

"ಏನು ಭಾಯಣ್ಣ, ಬಂತಾ?"

"ಬಂತು. ಒಂದು ಬಂತು."

"ಅದು ಮೊದಲೇ ಒಳಗಿತ್ತೇನೋ?"

"ಇನ್ನೊಂದು ಬಂತು. ಅದರ ಅಣ್ಣತಮ್ಮಂದಿರೂ ಬಂದರು. ಏ, ಬಿಡಿಸ್ರಯ್ಯಾ!"

ಊಜಿ ನೊಣ ಗಾತ್ರದಲ್ಲಿ ದೊಡ್ಡದು. ಅದನ್ನ ತಡೆಯೋ ಪರದೆಯ ಕಣ್ಣು ಸೊಳ್ಳೆಗೆ ಹೆಬ್ಬಾಗಿಲು. ಒಳಗೆ ನುಗ್ಗಿದ ಸೊಳ್ಳೆಗೆ ಹೊರಗೆ ಹೋಗೋ ದಾರಿ ಸಿಗಲಿಲ್ಲ, ಭಾಯಣ್ಣನಿಗೂ ಸಿಗಲಿಲ್ಲ. ಪರದೆ ಸುತ್ತಿಕೊಂಡೇ ಕಟ್ಟೆಯಿಂದ ಧುಮುಕಿ, ತೆಲುಗಿನಲ್ಲಿ ಒಂದಷ್ಟು ಅಂದು, ಮುಖದ ತುಂಬಾ ಗುಳ್ಳೆ ಇಟ್ಟುಕೊಂಡು ಹೊರಗೆ ಬಂದಾಗ ಊರಿಗೂರೇ ಒಪ್ಪಿಕೊಂಡಿತು: ಇದು ಕಳಿಸೋ ಪರದೆ ಅಲ್ಲ. ಅಷ್ಟಾದರೂ ಯಾರಿಗೂ ವಾಪಸ್ ಕೊಡಲಿಲ್ಲ ಅವರು. "ಪ್ರೀತಿಯಿಂದ ಕೊಟ್ಟಿದ್ದು ಚೆಲ್ಲೆಮ್ಮಾ, ಹೆಂಗೆ ತಿರುಗಿಸಿ ಕೊಡ್ಲಿ? ಇದು ಯಾವುದಕ್ಕೋ ಬಂದಿದೆ. ಯಾವುದಕ್ಕೆ ಅಂತ ನಮಗೆ ಗೊತ್ತಾಗಬೇಕು, ಅಷ್ಟೇ."

ಗೊತ್ತಾಗಿದ್ದು ನನಗೆ. ಇದನ್ನ ಬರೀಬೇಡ ಅಂತ ಹರ್ಷಿತ ಹೇಳಿಲ್ಲ, ಹಾಗಾಗಿ ಬರೀತೀನಿ. ಹಲಸಿನ ಹಣ್ಣಿನ ಕಾಲ. ನಮ್ಮ ಮನೆಯಲ್ಲಿ ಒಂದು ಸಣ್ಣ ಪೂಜೆ, ಅಂಗಳದಲ್ಲಿ ಇಪ್ಪತ್ತು ಎಲೆ ಊಟ. ನೊಣ ಅಂದರೆ ನೊಣ. ಒಬ್ಬಟ್ಟು ಯಾವುದು, ನೊಣ ಯಾವುದು ತಿಳೀತಿರಲಿಲ್ಲ. ನಾನು ಸಿಟ್ಟಿಗೆ ಒಳಗೆ ಹೋಗಿ ಹುಳುಮನೆಯ ಪರದೆ ಬಿಚ್ಚಿ ತಂದು ಪಂಕ್ತಿ ಮೇಲೆ ನಾಲ್ಕು ಗಳ ನೆಟ್ಟು ಇಳಿಬಿಟ್ಟೆ. ಒಂದು ನೊಣ ಒಳಗೆ ಬರಬೇಕಲ್ಲ! ಭಾಯಣ್ಣ ಒಳಗೆ ಕೂತು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸ್ಕೊಳ್ತಾ ಇದ್ದೋರು ಹಾಗೇ ಕೈ ನಿಲ್ಲಿಸಿ, ತಲೆ ಎತ್ತಿ ಪರದೆ ನೋಡಿದರು, ಹೊರಗೆ ಕೂತು ಹೊಟ್ಟೆಕಿಚ್ಚು ಪಡ್ತಿದ್ದ ನೊಣಗಳನ್ನ ನೋಡಿದರು, ನನ್ನನ್ನ ನೋಡಿದರು.

"ಚೆಲ್ಲೆಮ್ಮಾ, ಐನೂರು ಆಯ್ತು" ಅಂದರು.

ಒಂದು ತಿಂಗಳು ಫಿಲೇಚರಿನ ಅಂಗಳದಲ್ಲಿ ಹೊಲಿಗೆ. ನಮ್ಮೂರಿನ ಹೆಂಗಸರು, ಬೂಬಮ್ಮನ ಬೀದಿ ಹೆಂಗಸರು, ಹರ್ಷಿತನ ಕಾಲೇಜು ಹುಡುಗಿಯರು, ಸಾಲಾಗಿ ಕೂತು ಅಷ್ಟೂ ಪರದೆ ಒಗೆದು, ತೇಪೆ ಹಾಕಿ, ಒಂದಕ್ಕೊಂದು ಸೇರಿಸಿ ಹೊಲಿದೆವು. ನೂರು ಎಲೆಯ ಪಂಕ್ತಿಗೆ ಆಗೋಷ್ಟು ಉದ್ದ. ಬಿಳಿ, ಹಸಿರು, ನೀಲಿ, ಮಧ್ಯದಲ್ಲಿ ಆ ಮುದುಕಿಯ ಅರಿಶಿನ ಕುಂಕುಮದ ಮೂಲೆ. ಯಾರ ಮನೆ ಮದುವೆಯಾದರೂ ಸರಿ, ಕ್ಲಬ್ಬಿನವರು ಹೋಗಿ ಪರದೆ ಕಟ್ಟಿಕೊಡೋದು. ಬಾಡಿಗೆ ಅಂತ ಕೇಳೋದಿಲ್ಲ, ಕೈ ತೊಳೆಯೋ ಜಾಗದಲ್ಲಿ ಡಬ್ಬಿ ಇಟ್ಟಿರ್ತೀವಿ. ನೊಣ ಇಲ್ಲದೆ ಉಂಡೋರು ಆ ಫೋಟೋ ನೋಡಿ ಕೈಲಾದ್ದು ಹಾಕಲಿ.

ಮೊದಲನೇ ಮದುವೆ ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ. ದೊಡ್ಡ ಮನೆ, ದೊಡ್ಡ ಮದುವೆ, ಅದರ ಹಿಂದೆಯೇ ಇನ್ನೂ ಹನ್ನೆರಡು ಮದುವೆಯೋರು ಕೇಳಿಕೊಂಡಿದ್ದರು. ಇದು ಚೆನ್ನಾಗಾದರೆ ಅವೆಲ್ಲ ಬರುತ್ತವೆ, ಇದು ಕೆಟ್ಟರೆ ಐನೂರೂ ಇಲ್ಲ, ಐವತ್ತೂ ಇಲ್ಲ. ಹರ್ಷಿತ ಬೆಳಿಗ್ಗೆಯಿಂದ ಒಂದು ಇಡ್ಲಿ ತಿಂದಿರಲಿಲ್ಲ. "ಅಜ್ಜಿ, ಬಾಗಿಲು ನೀನು ನೋಡ್ಕೋ. ನೊಣ ಒಳಗೆ ಹೋಗಬಾರದು" ಅಂದಳು.

ಬಾಗಿಲು ನೋಡ್ಕೋ ಅಂದರೆ ನನಗೆ ಗೊತ್ತಿರೋದು ಒಂದೇ ರೀತಿ. ಮದುವೆಯಾಗಿ ಬಂದಾಗಿನಿಂದ ಹುಳುಮನೆ ಬಾಗಿಲು ಕಾದೋಳು ನಾನು. ಹುಳುಮನೆಗೆ ಹೋಗೋರು ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆಯಲ್ಲಿ ಕಾಲು ಅದ್ದಬೇಕು, ಸುಣ್ಣದ ಪುಡಿ ತುಳಿಯಬೇಕು, ಕೈ ತೊಳೀಬೇಕು. ಸೆಂಟು, ಹೊಗೆಸೊಪ್ಪು, ಘಮಘಮ ಯಾವುದೂ ಒಳಗೆ ಹೋಗಬಾರದು, ಹುಳಕ್ಕೆ ಆಗಲ್ಲ. ನಾನೂ ನಮ್ಮೂರಿನ ಇಬ್ಬರು ಹೆಂಗಸರೂ ಯೋಚನೆಯನ್ನೇ ಮಾಡದೆ ಅಗಲವಾದ ತಟ್ಟೆ ಇಟ್ಟು, ಬ್ಲೀಚಿಂಗ್ ಪುಡಿ ಕದಡಿ, ಸುಣ್ಣ ಎರಚಿ, ಸೊಂಟ ಕಟ್ಟಿ ನಿಂತೆವು.

ಗಂಡಿನ ಕಡೆಯೋರು ಊಟಕ್ಕೆ ಬಂದರು. ಮುಂದುಗಡೆ ಗಂಡಿನ ಸೋದರಮಾವ, ಜರಿಪಂಚೆ, ಹೊಸಾ ಮೆಟ್ಟು.

"ಚಪ್ಪಲಿ ಬಿಟ್ಟು ಕಾಲು ಅದ್ದಿ ಬನ್ನಿ" ಅಂದೆ.

"ಏನಂದ್ರಿ?"

"ಕಾಲು. ಎರಡೂ ಕಾಲು. ಪಂಚೆ ಮೇಲಕ್ಕೆತ್ತಿ, ಬಣ್ಣ ಹೋಗುತ್ತೆ. ಏಯ್ ತಾಯಿ, ನೀನು ಸೆಂಟು ಹಾಕ್ಕೊಂಡಿದ್ದೀಯ, ಒಳಗೆ ಬಿಡಲ್ಲ. ಹೋಗಿ ತೊಳ್ಕೊಂಡು ಬಾ." ಆ ತಾಯಿ ಯಾರು ಅಂತ ಆಮೇಲೆ ಗೊತ್ತಾಯ್ತು. ಮದುಮಗನ ದೊಡ್ಡಕ್ಕ.

ಸೋದರಮಾವನ ಮೀಸೆ ನಡುಗಿತು. "ನಮ್ಮನ್ನ ಏನಂತ ತಿಳ್ಕೊಂಡಿದ್ದೀರ? ಹುಳ ಅಂತ್ಲಾ? ಎಲ್ರಿ ಹೆಣ್ಣಿನೋರು? ಕರೀರಿ! ನಾವು ಊಟ ಮಾಡಲ್ಲ, ಹೊರಡ್ರೋ ಎಲ್ಲಾ!"

ಆಗ ನನಗೆ ತಿಳೀತು ನಾನೇನು ಮಾಡಿದೆ ಅಂತ. ಹೆಣ್ಣಿನ ತಂದೆ ಕೈಮುಗಿದುಕೊಂಡು ಓಡಿ ಬರ್ತಿದ್ದಾರೆ. ಹರ್ಷಿತ ಪರದೆಯ ಗಳ ಹಿಡಿದುಕೊಂಡೇ ಬಿಳಿಚಿಕೊಂಡು ನಿಂತಿದ್ದಾಳೆ. ಅವಳ ಮುಖ ನೋಡೋಕಾಗದೆ ನಾನು ಬ್ಲೀಚಿಂಗ್ ನೀರನ್ನೇ ನೋಡ್ತಾ ನಿಂತೆ.

ಭಾಯಣ್ಣ ಎಲ್ಲಿದ್ದರೋ, ಬಂದರು. ಬೂಟು ಬಿಚ್ಚಿ, ಪ್ಯಾಂಟು ಮೊಣಕಾಲಿಗೆ ಮಡಚಿ, ತಟ್ಟೆಯಲ್ಲಿ ನಿಂತರು. ನಿಂತುಕೊಂಡೇ, "ಯಜಮಾನ್ರೇ, ತಪ್ಪಾಯ್ತು. ಆದ್ರೆ ಈಯಮ್ಮನ ಮೇಲೆ ಕೋಪ ಮಾಡ್ಕೋಬೇಡಿ. ನಮ್ಮ ಕಡೆ ಇಷ್ಟು ಮಡಿ ಮಾಡೋದು ಒಂದೇ ಕಡೆ. ಅನ್ನ ಹಾಕೋ ಲಕ್ಷ್ಮಿ ಮಲಗಿರೋ ಮನೇಲಿ. ಇವತ್ತು ನಿಮ್ಮನ್ನೆಲ್ಲ ನೋಡಿ ಈಯಮ್ಮನಿಗೆ ಲಕ್ಷ್ಮೀನೇ ಬಂದಂಗೆ ಆಗೋಗಿದೆ" ಅಂದರು.

ಸೋದರಮಾವ ಏನೋ ಅನ್ನೋಕೆ ಬಾಯಿ ತೆಗೆದರು. ಅಷ್ಟರಲ್ಲಿ ಹಿಂದುಗಡೆಯಿಂದ ಒಂದು ಕೋಲು ಮುಂದೆ ಬಂತು. ಕೋಲಿನ ಹಿಂದೆ ಮದುಮಗನ ತಾತ. ಬಗ್ಗಿ ತಟ್ಟೆಯ ನೀರನ್ನ ಮೂಸಿದರು. ಸುಣ್ಣ ನೋಡಿದರು. ಪರದೆ ಮುಟ್ಟಿ ನೋಡಿದರು. ಇಡೀ ಬೊಚ್ಚುಬಾಯಿ ಅಗಲಿಸಿ ನಕ್ಕರು.

"ಎಷ್ಟನೇ ಜ್ವರ ಅಮ್ಮಯ್ಯ?" ಅಂತ ನನ್ನನ್ನ ಕೇಳಿದರು.

ನನಗೆ ಹೋದ ಜೀವ ಬಂತು. "ನಾಲ್ಕೂ ಎದ್ದಾಯ್ತು ತಾತ. ಇನ್ನು ಸೊಪ್ಪು ಎಷ್ಟು ಹಾಕಿದ್ರೂ ಸಾಲದು" ಅಂದೆ. ನಾಲ್ಕನೇ ಜ್ವರ ಎದ್ದ ಹುಳ ರಾಕ್ಷಸನ ಹಾಗೆ ತಿನ್ನುತ್ತೆ.

"ಮೂವತ್ತು ವರ್ಷ ಹುಳ ಸಾಕಿದೋನು ಕಣ್ರೋ ನಾನು! ಈ ಮದುಮಗನ ಅಪ್ಪನ್ನ ಓದಿಸಿದ್ದು ಹುಳ, ಈ ಮದುವೆ ಮಾಡ್ತಿರೋದೂ ಹುಳ. ಬನ್ರೋ, ಅದ್ದ್ರೋ ಕಾಲು!" ಅಂತ ಕೋಲು ಎಸೆದು, ಭಾಯಣ್ಣನ ಭುಜ ಹಿಡಿದುಕೊಂಡು ತಾತ ತಟ್ಟೆಗೆ ಇಳಿದರು. ಆಮೇಲೆ ಯಾರು ನಿಲ್ಲುತ್ತಾರೆ? ಸೋದರಮಾವನೂ ಇಳಿದರು, ಪಂಚೆ ಕಂಕುಳವರೆಗೆ ಎತ್ತಿಕೊಂಡು. ದೊಡ್ಡಕ್ಕ ಮುಖ ತೊಳ್ಕೊಂಡು ಬಂದು ನನ್ನ ಮೂಗಿಗೆ ಕೈ ಹಿಡಿದು, "ಈಗ ಬಿಡ್ತೀರಾ ಅತ್ತೆ?" ಅಂದಳು. ಪಂಕ್ತಿ ಉದ್ದಕ್ಕೂ ಸುಣ್ಣದ ಬಿಳೀ ಹೆಜ್ಜೆಗಳು. ನೂರು ಜನ ಕೂತು, "ಸೊಪ್ಪು ತನ್ರಯ್ಯಾ!", "ಈ ಕಡೆ ಹುಳಕ್ಕೆ ಸೊಪ್ಪು ಬಿದ್ದಿಲ್ಲ!" ಅಂತ ಕೂಗೋರು, ಬಡಿಸೋರು ಹಪ್ಪಳ ತರೋರು. ಹುಳ ಮೇಯೋ ಸದ್ದು ಕೇಳಿದೋರಿಗೆ ಗೊತ್ತು, ಶೀಟಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅವತ್ತು ನೂರು ಬಾಯಿ ಹಪ್ಪಳ ಮುರಿದಾಗ ಅದೇ ಸದ್ದು. ಭಾಯಣ್ಣ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು, ತಲೆ ವಾಲಿಸಿ ಕೇಳ್ತಾ ನಿಂತಿದ್ದರು. ಒಂದೂ ನೊಣ ಇರಲಿಲ್ಲ.

ಆಮೇಲೆ ಹನ್ನೆರಡಲ್ಲ, ಲೆಕ್ಕವೇ ಇಲ್ಲದಷ್ಟು ಊಟ. ಮಜಾ ಅಂದರೆ, ಪರದೆ ಬೇಕು ಅಂತ ಬಂದೋರೆಲ್ಲ "ಕಾಲು ಅದ್ದಿಸೋದೂ ಇರುತ್ತೆ ತಾನೆ?" ಅಂತಲೇ ಕೇಳೋರು. ಚಿಂತಾಮಣಿಯಲ್ಲಿ ಒಬ್ಬರು ಗುಲಾಬಿ ದಳ ತೇಲಿಸಿಟ್ಟಿದ್ದರು. ಬ್ಲೀಚಿಂಗ್ ನೀರಿನಲ್ಲಿ ಗುಲಾಬಿ ಬೆಳ್ಳಗಾಗಿಹೋಯ್ತು.

ಆಯುಧಪೂಜೆ ದಿನ ಫಿಲೇಚರಿನ ಕೆಲಸದೋರು ಯಂತ್ರಕ್ಕೆಲ್ಲ ಹೂ ಹಾಕಿ ಪೂಜೆ ಮಾಡಿದರು. ಭಾಯಣ್ಣ ಎಲ್ಲರಿಗೂ ಕಡಲೆಪುರಿ ಹಂಚಿ, ತಮಾಷೆ ಮಾಡಿ, ಊಟ ಮಾಡಿ ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದರು. ಏಳಲಿಲ್ಲ. ಅವತ್ತಿಗೆ ಇನ್ನೂ ಮೂವತ್ತೇಳು ಪರದೆಯ ದುಡ್ಡು ಬಾಕಿ.

ಹರ್ಷಿತ ಮೂಲೆ ಹಿಡಿದು ಕೂತಳು. "ತಾತನೇ ಇಲ್ಲದ ಮೇಲೆ ಯಾರಿಗೆ ಬೇಕಜ್ಜಿ" ಅಂದಳು. ಮಳೆಗಾಲ ಯಾರಿಗೂ ಕಾಯಲ್ಲ, ಅದು ಹತ್ತಿರ ಬರ್ತಾ ಇತ್ತು. ನಮ್ಮ ಮನೆಯಲ್ಲಿ ಯಾರೂ ಆ ಲೆಕ್ಕ ಎತ್ತಲಿಲ್ಲ.

ಎತ್ತಿದ್ದು ಬೂಬಮ್ಮ. ನಲವತ್ತನೇ ದಿನದ ಫಾತಿಹಾ ಊಟಕ್ಕೆ ಕರೆಯೋಕೆ ತಾವೇ ಬಂದು, ಹರ್ಷಿತನ ಗಲ್ಲ ಹಿಡಿದು, "ಪರದೆ ತಗೊಂಡು ಬಾ ಬೇಟಿ. ನಮ್ಮನೇ ಊಟಕ್ಕೆ ನೊಣ ಬಂದ್ರೆ ಅವರು ಸುಮ್ಮನಿರ್ತಾರಾ?" ಅಂದರು. ಹೋದೆವು. ಫಿಲೇಚರಿನ ಅಂಗಳದಲ್ಲೇ ಪರದೆ ಕಟ್ಟಿದೆವು. ಬಾಗಿಲಲ್ಲಿ ನೋಡಿದರೆ ಬೂಬಮ್ಮ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು, ಸುಣ್ಣ ಎರಚಿ, ಸೊಂಟ ಕಟ್ಟಿ ನಿಂತಿದ್ದಾರೆ! ನೂಲು ತೆಗೆಯೋ ರೀಲರುಗಳು, ರೈತರು, ಮಸೀದಿಯ ದೊಡ್ಡೋರು, ಆ ಅರಿಶಿನ ಕುಂಕುಮದ ಮುದುಕಿ, ಅಂಬಾಜಿದುರ್ಗದ ಕಡೆಯ ಕೋಲಿನ ತಾತ, ಕೊನೆಗೆ ಗೌರಿಬಿದನೂರಿನ ಸಫಾರಿ ಯಜಮಾನರೂ, ಪ್ಯಾಂಟು ಮಡಚಿಕೊಂಡು ಸಾಲಾಗಿ ಕಾಲು ಅದ್ದಿದರು. ಅಳಬೇಕೋ ನಗಬೇಕೋ ತಿಳೀದೆ ಎರಡನ್ನೂ ಮಾಡಿದೆವು.

ಊಟ ಆದಮೇಲೆ ಹರ್ಷಿತ ಡಬ್ಬಿ ಎತ್ತಿದಳು. ಅವಳು ಅದನ್ನ ಕಿವಿ ಹತ್ತಿರ ಹಿಡಿದು ಒಂದು ಸಲ ಕುಲುಕಿದಳು. ಇನ್ನೊಂದು ಸಲ ಕುಲುಕಿದಳು. ಆಮೇಲೆ ಬೂಬಮ್ಮನ ಕಿವಿ ಹತ್ತಿರ ಹಿಡಿದು ಕುಲುಕಿದಳು.

ಸದ್ದೇ ಇಲ್ಲ.

ಈಗ ಹೇಳಬಹುದಲ್ಲವೇ ಹರ್ಷಿತ? ಹೇಳೇಬಿಡ್ತೀನಿ. ಮೊನ್ನೆ ಫೋಟೋ ಬಂತು! ಅಲ್ಲಿಯ ಕ್ಲಬ್ಬಿನವರು ಕಳಿಸಿದ್ದಾರೆ. ಹೊರಗೆ ಮಳೆ ಸುರೀತಿದೆ, ಒಳಗೆ ಚಾಪೆ, ಚಾಪೆ ಮೇಲೆ ಬೆಳ್ಳನೆ ಪರದೆ, ಪರದೆಯೊಳಗೆ ಎರಡು ಕೂಸು, ಒಂದರ ಮೇಲೊಂದು ಕಾಲು ಹಾಕ್ಕೊಂಡು. ಅಂಥಾದ್ದು ಐನೂರು ಕಟ್ಟಿದ್ದಾರಂತೆ. ಐನೂರು! ಹರ್ಷಿತ ಅದನ್ನ ನಮ್ಮ ಯಜಮಾನರ ಫೋನಿಗೆ ಹಾಕಿಕೊಟ್ಟಿದ್ದಾಳೆ. ನಾನು ಆ ಫೋನನ್ನ ಅವರಿಗೆ ವಾಪಸ್ ಕೊಟ್ಟಿಲ್ಲ. ಹಾಲಿನ ಡೈರಿಯಲ್ಲಿ ತೋರಿಸಿದೆ, ರೇಷನ್ ಅಂಗಡಿಯಲ್ಲಿ ತೋರಿಸಿದೆ, ನಮ್ಮ ಸೀಮೆಹಸುವಿಗೂ ತೋರಿಸಿದೆ. ಕಾಲೇಜಿನಲ್ಲಿ ಈಗಲೂ ಅವಳನ್ನ ಐನೂರು ಅಂತಲೇ ಕರೀತಾರೆ. ಈಗ ಬ್ಯಾಗು ಎಸೆಯಲ್ಲ.

ನಿನ್ನೆ ಭಾಯಣ್ಣನ ಹೆಸರಿನಲ್ಲಿ ಸಕ್ಕರೆ ಇಟ್ಟು ಫಾತಿಹಾ ಓದಿಸೋಣ ಅಂತ ಮುರುಗಮಲ್ಲದ ದರ್ಗಾಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕಂಡಕ್ಟರಿಗೂ ತೋರಿಸಿದೆ.

"ಮೊಮ್ಮಕ್ಕಳಾ ಅಜ್ಜಿ?"

"ಹೂಂ ಕಣಪ್ಪ."

"ಇವೆರಡೇನಾ?"

"ಐನೂರು ಮನೆ ತುಂಬಾ ಅವೆ."

ಅವನು ನನ್ನ ಮುಖ, ಫೋನು, ಮತ್ತೆ ನನ್ನ ಮುಖ ನೋಡಿ, "ಹಂಗಾದ್ರೆ ಐನೂರು ಹಾಫ್ ಟಿಕೆಟ್ ಹರೀಲಾ?" ಅಂದ.

"ತೊಟ್ಟಿಲ ಮಕ್ಕಳಿಗೆ ಟಿಕೆಟ್ ಇಲ್ಲ, ಹೋಗೋ" ಅಂದೆ.

ಅವನು ನಗ್ತಾ ಮುಂದಕ್ಕೆ ಹೋದ. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಓಡ್ತಿದ್ದವು. ನನ್ನ ಕೈ ತಾನೇ ಮೇಲಕ್ಕೆ ಹೋಯ್ತು. ಫೋನನ್ನ ಕಿವಿ ಹತ್ತಿರ ಹಿಡಿದು ಮೆತ್ತಗೆ ಅಲ್ಲಾಡಿಸಿದೆ, ಭಾಯಣ್ಣನ ಹಾಗೆ.

ಪಕ್ಕದ ಸೀಟಿನ ಹೆಂಗಸು, "ಯಾರಮ್ಮ ಫೋನಲ್ಲಿ? ಏನಂತಾರೆ?" ಅಂದಳು.

"ಏನೂ ಅನ್ನಲ್ಲ ತಾಯಿ," ಅಂದೆ. "ಸದ್ದಿಲ್ಲ. ನಿದ್ದೆ ಮಾಡ್ತಾವೆ."